ಕರೆಂಟು ಹೋಗದ ಲೈನು

ಫಲಕದ ಮೇಲೆ ಆಸ್ಪತ್ರೆ ಲೈನಿನ ದೀಪ ಆರಿದಾಗ ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿದ್ದ ಆಪರೇಟರ್ ಮತ್ತು ಅವನ ಜೊತೆಗಾರ ಇಬ್ಬರೂ ಮೊದಲು ಬಲ್ಬು ಹೋಗಿರಬೇಕೆಂದುಕೊಂಡರು. ಊರಿಗೆಲ್ಲ ಕರೆಂಟು ಹೋದರೂ ಆ ಲೈನಿಗೆ ಹೋಗುತ್ತಿರಲಿಲ್ಲ. ಎಂಥ ಬೇಸಿಗೆಯಲ್ಲೂ ಅದರ ಸ್ವಿಚ್ಚಿಗೆ ಯಾರೂ ಕೈ ಹಾಕುವಂತಿರಲಿಲ್ಲ.

ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಎಂದು ಹೊರಗಿನಿಂದ ಲೈನ್‌ಮನ್ ಫೋನ್ ಮಾಡಿದ. ಆಪರೇಟರ್ ಫೋನ್ ಇಟ್ಟ.

ಸುಡದೆ ಏನು ಮಾಡೀತು? ಅಲ್ಲಿ ಕರೆಂಟು ಹೋಗುವುದಿಲ್ಲವೆಂಬುದು ಊರಿಗೇ ಗೊತ್ತಿತ್ತು. ಮೊದಲು ಐಸ್‌ಕ್ರೀಮ್ ಗೋದಾಮಿನವನು ಯಾರ್ಯಾರದೋ ಕೈಕಾಲು ಹಿಡಿದು ಅದರಿಂದ ತಂತಿ ಎಳೆಸಿಕೊಂಡ. ಆಮೇಲೆ ಹೋಟೆಲು, ಲಿಫ್ಟಿರುವ ಮನೆಗಳು, ರಸ್ತೆಯ ಸಿಗ್ನಲ್ಲುಗಳು. ಉಳಿದ ಲೈನುಗಳಲ್ಲಿ ಕರೆಂಟು ತೆಗೆದಷ್ಟೂ ಜನ ಇದಕ್ಕೇ ಜೋತುಬಿದ್ದರು. ಒಬ್ಬೊಬ್ಬರದೂ ನ್ಯಾಯವಾದ ಕಾರಣವೇ. ಹೆಂಡತಿಯ ಶ್ವಾಸಕೋಶ ಕೈಕೊಟ್ಟು ಮನೆಗೆ ಆಕ್ಸಿಜನ್ ಮೆಷಿನ್ ಬಂದಾಗ ಆಪರೇಟರ್ ಕೂಡ ಅದನ್ನೇ ಮಾಡಿದ್ದ. ಕರೆಂಟೇ ಹೋಗದ ಮೇಲೆ ಇದೇಕೆ ಎಂದು, ತುರ್ತಿಗೆಂದು ಮೂಲೆಯಲ್ಲಿದ್ದ ಆಕ್ಸಿಜನ್ ಸಿಲಿಂಡರನ್ನೂ ವಾಪಸು ಕಳಿಸಿದ್ದ. ಬೇರೆಯವರಾಗಿದ್ದರೆ ಇಟ್ಟುಕೊಂಡಿರುತ್ತಿದ್ದರು. ಒಳಗಿನ ಗುಟ್ಟು ಬಲ್ಲವನೆಂಬ ಧೈರ್ಯ ಇವನದು.

ಮೊಬೈಲು ಹೊಡೆದುಕೊಂಡಿತು. ಮಗಳು.

"ಅಪ್ಪ, ಅಮ್ಮಂಗೆ ಉಸಿರು ಸಿಕ್ತಿಲ್ಲ. ಆಂಬುಲೆನ್ಸ್‌ಗೆ ಹೇಳಿದೀನಿ. ಸಿಗ್ನಲ್ ಎಲ್ಲ ಹೋಗಿ ರಸ್ತೆ ಜಾಮ್ ಆಗಿದ್ಯಂತೆ."

"ಕಿಟಕಿ ಹತ್ರ ಕೂರಿಸಮ್ಮ. ಬೆನ್ನಿಗೆ ದಿಂಬು ಕೊಡು. ಕರೆಂಟ್ ಬಂದ್ಬಿಡುತ್ತೆ, ಈಗ ಬಂದ್ಬಿಡುತ್ತೆ."

ಪಕ್ಕದ ಟ್ರಾನ್ಸ್‌ಫಾರ್ಮರಿನಿಂದ ಸ್ವಲ್ಪ ಕರೆಂಟು ತಿರುಗಿಸಬಹುದಿತ್ತು. ಒಂದೋ ಆಸ್ಪತ್ರೆಯ ಕಡೆಗೆ, ಇಲ್ಲವೇ ಮನೆಗಳ ಕಡೆಗೆ. ಎರಡನ್ನೂ ಹೊರಿಸಿದರೆ ಅದೂ ಸುಡುತ್ತದೆ. ಆಸ್ಪತ್ರೆಗೆ ಜನರೇಟರು ಇತ್ತು ನಿಜ, ಈ ಲೈನನ್ನೇ ನಂಬಿ ಅದನ್ನು ಯಾರೂ ಮುಟ್ಟಿರಲಿಲ್ಲ. ಈಗ ಅದು ಶುರುವಾಗುತ್ತಿಲ್ಲವೆಂದು ಅಲ್ಲಿಂದ ಒಂದೇ ಸಮನೆ ಫೋನು ಬರುತ್ತಿತ್ತು.

ಜೊತೆಗಾರ ಅವನ ಮುಖ ನೋಡಿದ. "ಅಣ್ಣ, ಮನೆ ಕಡೇದೇ ಹಾಕ್ಬಿಡಿ. ನಾನು ಬಾಯಿ ಬಿಡಲ್ಲ."

"ಅಲ್ಲಿ ಮಕ್ಕಳ ವಾರ್ಡಿದೆ ಕಣೋ."

ಹಾಗೆಂದವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬೇರೆ ಯಾರಾದರೂ ಇವತ್ತು ಈ ಕುರ್ಚಿಯಲ್ಲಿ ಕೂತಿರಬಾರದಿತ್ತೇ? ಆಸ್ಪತ್ರೆಯ ಸ್ವಿಚ್ಚು ತಿರುಗಿಸಿದ. ಫೋನುಗಳು ನಿಂತವು.

ಬಿಸಿಲಿಳಿದು ಊರಿನ ಲೋಡು ಕಡಿಮೆಯಾದ ಮೇಲೆ ಮನೆಗಳ ಕಡೆಗೂ ಕರೆಂಟು ಕೊಟ್ಟ. ಕೊಟ್ಟ ಸ್ವಲ್ಪ ಹೊತ್ತಿಗೆ ಮಗಳ ಫೋನು ಬಂತು. ಅವಳು ಇನ್ನೂ ಬಿಕ್ಕುತ್ತಿದ್ದಳು.

"ಅಪ್ಪ, ಕರೆಂಟ್ ಬಂತು. ಅಮ್ಮನ ಮೆಷಿನ್ ತಾನಾಗೇ ಶುರುವಾಗಿದೆ. ಇನ್ನು ಯಾರಿಗೆ ಅದು? ಆಫ್ ಮಾಡ್ಲಾ?"

ಅವಳ ಮಾತಿನ ಹಿಂದೆ ಮೆಷಿನ್ನು ಗುಂಯ್‌ಗುಡುವುದು ಕೇಳುತ್ತಿತ್ತು.

"ಇರ್ಲಿ ಬಿಡಮ್ಮ," ಎಂದ. "ನಾನು ಬರೋ ತನಕ ಓಡ್ಲಿ."