ಕಲ್ಲಿನ ಬೆನ್ನು

ಅಪ್ಪನಿಗೆ ಆ ವರ್ಷ ಲೋಕವೆಲ್ಲ ಹಾಲಿನಲ್ಲಿ ಅದ್ದಿ ತೆಗೆದಂತೆ ಕಾಣುತ್ತಿತ್ತು. ಬೀದಿದೀಪಗಳು ಒಂದೊಂದೂ ಉಣ್ಣೆ ಟೋಪಿ ಹಾಕಿಕೊಂಡು ನಿಂತಿದ್ದವು. ಎದುರುಮನೆಯ ಗೋಡೆ ಬೆಳಿಗ್ಗೆ ಇರುತ್ತಿತ್ತು, ಬಿಸಿಲೇರುತ್ತಿದ್ದಂತೆ ಕರಗಿ ಹೋಗುತ್ತಿತ್ತು. ಸುಳ್ಳೇಕೆ ಹೇಳಬೇಕು, ನೋಡಲು ಚೆಂದವೇ ಇತ್ತು. ಕಣ್ಣಿಗೆ ಪೊರೆ ಬಂದಿದೆ ಎಂದು ಅವನಿಗೆ ಗೊತ್ತಿತ್ತು. ಆದರೆ ಬಾಯಿ ಬಿಟ್ಟರೆ ಅಡುಗೆಮನೆ ಕೈತಪ್ಪುತ್ತಿತ್ತು.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ನಾನೂರು ಹೊಟ್ಟೆಗಳಿಗೆ ಬೇಯಿಸಿ ಹಾಕಿದವನು, ನಿವೃತ್ತನಾದ ಮಾರನೇ ದಿನವೇ ಮನೆಯ ಒಲೆಯನ್ನೂ ತನಗೇ ಬಿಡಬೇಕೆಂದು ಹಟ ಹಿಡಿದಿದ್ದ. ಅಮ್ಮ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ಅವಳ ಯಂತ್ರ, ಕೊರಳಲ್ಲಿ ಸದಾ ಅಳತೆಯ ಟೇಪು. ಒಲೆ ಬಿಟ್ಟುಕೊಟ್ಟಿದ್ದು ಒಂದೇ ಷರತ್ತಿನ ಮೇಲೆ.

"ಒಂದು ಸಲ ಕೈ ಸುಟ್ಕೊಂಡ್ರೂ, ಒಂದು ಬೆರಳು ಕುಯ್ಕೊಂಡ್ರೂ, ಒಲೆ ವಾಪಸ್ ನಂದು. ಆಮೇಲೆ ಅಳಬಾರ್ದು."

ಅಪ್ಪ ಇಲ್ಲಿಯವರೆಗೆ ಸುಟ್ಟುಕೊಂಡಿರಲಿಲ್ಲ. ಕೈಗೆ ಎಲ್ಲ ಗೊತ್ತಿತ್ತು. ಚಾಕು ಎಲ್ಲಿ, ಬಾಣಲೆ ಎಲ್ಲಿ, ಈರುಳ್ಳಿ ಯಾವಾಗ ಬಣ್ಣ ತಿರುಗಿತು ಎಂಬುದು ಸದ್ದಿನಲ್ಲೇ ತಿಳಿಯುತ್ತಿತ್ತು. ಡಬ್ಬಗಳಂತೂ ಇನ್ನೂ ಸುಲಭ. ಅಮ್ಮನಿಗೆ ಉಳಿದ ಬಟ್ಟೆತುಂಡುಗಳಲ್ಲಿ ಏನಾದರೂ ಮಾಡುವ ಹುಚ್ಚು. ಉಪ್ಪಿನ ಡಬ್ಬಕ್ಕೆ ಗೋಣಿಬಟ್ಟೆಯ ಟೋಪಿ, ಸಕ್ಕರೆಗೆ ಮಖಮಲ್ಲಿನದು, ಮೆಣಸಿನ ಪುಡಿಗೆ ನಡುವೆ ಒಂದು ಗುಂಡಿ. 'ಡಬ್ಬಕ್ಕೂ ಅಂಗಿ ಹೊಲೀತಾಳಲ್ಲಪ್ಪಾ' ಎಂದು ಅಪ್ಪ ನಗುತ್ತಿದ್ದ. ಆ ಟೋಪಿ ಸವರಿಯೇ ಅಡುಗೆ ಸಾಗಿಸುತ್ತಿದ್ದ.

ಅಷ್ಟರಲ್ಲಿ ಹಳೇ ಅಡುಗೆಕಟ್ಟೆ ಬಿರುಕು ಬಿಟ್ಟಿತು. ಎಲ್ಲ ಕಿತ್ತು ಹೊಸದು ಮಾಡಿಸೋಣವೆಂದು ಅಮ್ಮ ತೀರ್ಮಾನಿಸಿದಳು. "ನಿಲ್ಲೋರು ನೀವು, ಕಲ್ಲೂ ನೀವೇ ಆರಿಸಿ, ಬಣ್ಣಾನೂ ನೀವೇ ಆರಿಸಿ" ಎಂದಳು.

ಬಣ್ಣ! ಅಪ್ಪ ಬೇಗನೆ ಒಲೆಯ ಕಡೆ ತಿರುಗಿಕೊಂಡ.

ಕಾಲೇಜಿಗೆ ಹೋಗುವ ಮಗಳಿಗೆ ಮನೆಯಲ್ಲಿ ಚಿನಕುರುಳಿ ಎಂದೇ ಹೆಸರು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಕಪಾಟಿನ ಬಾಗಿಲುಗಳಿಗೆ ಬಣ್ಣ ಆರಿಸಲು ಅಂಗಡಿಯಿಂದ ಮಾದರಿಯ ಹಲಗೆಗಳನ್ನು ತಂದು ಇಸ್ಪೀಟೆಲೆಯಂತೆ ಹರಡಿದಳು.

"ಅಪ್ಪಾ, ಇದು ಮಂಜಿನ ಬೂದು, ಇದು ಮುತ್ತಿನ ಬೂದು, ಇದು ಪಾರಿವಾಳದ ಬೂದು. ಯಾವುದು?"

ಅಪ್ಪನಿಗೆ ಮೂರೂ ಒಂದೇ ಮೋಡದ ಮೂರು ತುಂಡು. "ಪಾರಿವಾಳ" ಎಂದ, ಹಕ್ಕಿಯ ಮೇಲಿನ ಪ್ರೀತಿಯಿಂದ.

"ಪಾರಿವಾಳ ಈ ಕಡೆ ಇದೆ. ನೀನು ಕೈ ಇಟ್ಟಿರೋದು ನನ್ನ ನೋಟ್‌ಬುಕ್ ಮೇಲೆ."

"ಗೊತ್ತು ಕಣೇ, ಸುಮ್ನೆ ತಮಾಷೆ ಮಾಡ್ದೆ."

ಕಲ್ಲಿನದೂ ಒಂದು ತುಂಡು ಬಂದಿತ್ತು, ಅಂಗೈ ಎರಡರಷ್ಟು ಅಗಲದ್ದು. ಬಿಳಿ ಬಿಳಿ, ಕನ್ನಡಿಯಂಥ ಹೊಳಪು. ಹಳೇ ಕಟ್ಟೆಯ ಅಂಚಿನಲ್ಲಿ ಇಟ್ಟು ನೋಡಿದಾಗ ಕಿಟಕಿಯ ಬಿಸಿಲೆಲ್ಲ ಅದರ ಮೇಲೆ ಬಿದ್ದು, ಅಪ್ಪನ ಕಣ್ಣೊಳಗೆ ಬೆಳಕಿನ ಹಿಟ್ಟು ಚೆಲ್ಲಿದಂತಾಯಿತು. ಅವನು ಬಿಳಿ ಪಿಂಗಾಣಿ ಬಟ್ಟಲನ್ನು ಅದರ ಮೇಲಿಟ್ಟ. ಅಂದರೆ, ಇಟ್ಟೆನೆಂದುಕೊಂಡ. ಬಟ್ಟಲು ಗಾಳಿಯ ಮೇಲೆ ಒಂದು ಕ್ಷಣ ಕೂತು, ನೆಲದ ಮೇಲೆ ನೂರು ಚೂರಾಯಿತು.

"ಏನ್ರೀ ಅದು?" ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು.

"ಬೆಕ್ಕು!" ಎಂದ ಅಪ್ಪ.

"ನಮ್ಮನೇಲಿ ಬೆಕ್ಕೆಲ್ಲಿದೆ?"

"ಅದೇ, ಹೊರಗಿಂದ ಬಂದಿತ್ತು."

ಯಂತ್ರ ಮತ್ತೆ ಓಡತೊಡಗಿತು.

ಶನಿವಾರ ಮೂವರೂ ಕಲ್ಲಿನ ಅಂಗಳಕ್ಕೆ ಹೋದರು. ಊರಾಚೆಯ ತಗಡಿನ ಚಾವಣಿಯ ಕೆಳಗೆ, ಆಳೆತ್ತರದ ಕಲ್ಲುಹಲಗೆಗಳು ಕಬ್ಬಿಣದ ಚೌಕಟ್ಟಿಗೆ ಒರಗಿ ಸಾಲುಸಾಲಾಗಿ ನಿಂತಿದ್ದವು. ಕಲ್ಲಿನ ಯಜಮಾನ ಕೈಯಲ್ಲಿ ನೀರಿನ ಚೊಂಬು ಹಿಡಿದು ಬಂದ. ಕಲ್ಲಿನ ಮೇಲೆ ನೀರೆರಚಿದರೆ ಅದರ ನಿಜವಾದ ಬಣ್ಣ ಎದ್ದು ಕಾಣುತ್ತದೆ. ಅವನು ಎರಚುತ್ತ ಹೋದಂತೆ ಚಿನಕುರುಳಿ ಕೂಗುತ್ತ ಹೋದಳು. "ಅಯ್ಯೋ, ಅಮ್ಮಾ, ಇದರಲ್ಲಿ ನದಿ ಇದೆ! ಇಲ್ಲಿ ನೋಡು, ಇದರಲ್ಲಿ ನಕ್ಷತ್ರ!"

ಅಪ್ಪನಿಗೆ ನದಿಯೂ ಇಲ್ಲ, ನಕ್ಷತ್ರವೂ ಇಲ್ಲ. ಅವನು ಎರಡು ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ ಒಬ್ಬನೇ ನಡೆದ. ಎಡಗಡೆ ತಂಪು, ಬಲಗಡೆ ತಂಪು. ಕಲ್ಲುಗಳು ಉಸಿರು ಬಿಡುತ್ತಿರುವ ಹಾಗಿತ್ತು. ಯಾವುದೋ ದೊಡ್ಡ ಪ್ರಾಣಿಗಳ ಮಂದೆ ನಿಂತಲ್ಲೇ ನಿದ್ದೆ ಮಾಡುತ್ತಿದ್ದು, ತಾನು ಅವುಗಳ ನಡುವೆ ಸದ್ದಿಲ್ಲದೆ ಸಾಗುತ್ತಿರುವಂತೆ ಅನಿಸಿ ಅವನಿಗೆ ಹಾಯೆನಿಸಿತು. ಕೈಚಾಚಿ ಒಂದನ್ನು ಮುಟ್ಟಿದ. ಬೆರಳು ಅಲ್ಲೇ ನಿಂತವು. ಜಾರಲಿಲ್ಲ. ಸಣ್ಣ ಸಣ್ಣ ಗೀರುಗಳು, ಹಿತವಾದ ತರಿತರಿ, ಕ್ಯಾಂಟೀನಿನ ಹಳೇ ಹೆಚ್ಚುವ ಮಣೆಯ ಹಾಗೆ. ಕಣ್ಣು ಮುಚ್ಚಿದ. ಬೆಳಕು ಚುಚ್ಚುವುದು ನಿಂತಿತು. ಕೈಯೆದುರು ಕಟ್ಟೆ ಎದ್ದು ನಿಂತಿತು, ಅದರ ಮೇಲೆ ಮಡಕೆ, ಮಡಕೆಯ ಮೇಲೆ ಹಬೆ.

"ಇದು!" ಎಂದು ಕೂಗಿದ. "ಸಿಕ್ತು ಕಣ್ರೇ, ಇದೇ! ಎಂಥಾ ಬಣ್ಣ ನೋಡಿ!"

ಮೂವರೂ ಓಡಿ ಬಂದರು. ಕಲ್ಲಿನ ಯಜಮಾನ ನೋಡಿದ, ಚೊಂಬು ಕೆಳಗಿಟ್ಟ, ನಕ್ಕ.

"ಯಜಮಾನ್ರೇ, ಅದು ಬೆನ್ನು. ಮುಖ ಉಜ್ಜಿಹೋಗಬಾರ್ದು ಅಂತ ಮುಖಕ್ಕೆ ಮುಖ ಕೊಟ್ಟು ನಿಲ್ಲಿಸಿರ್ತೀವಿ. ನೀವು ನೋಡ್ತಿರೋದು ಗರಗಸದ ಗೀರು, ಮೇಲೆ ಧೂಳು. ಅದರಲ್ಲಿ ಬಣ್ಣ ಎಲ್ಲಿಂದ ಬಂತು?"

ಚಿನಕುರುಳಿ ಮೊದಲು ನಕ್ಕಳು. ಆಮೇಲೆ ಅಪ್ಪನ ಮುಖ ನೋಡಿದಳು. ನಗು ಅರ್ಧಕ್ಕೇ ನಿಂತಿತು.

ಕೈಯಲ್ಲಿ ಹಿಡಿದ ಒಲೆ, ಮಣೆ, ಚಾಕು ಎಲ್ಲ ಒಂದೊಂದಾಗಿ ಜಾರಿ ಹೋಗುತ್ತಿರುವಂತೆ ಅಪ್ಪನಿಗೆ ಅನಿಸಿತು. ಇನ್ನು ಬೆಕ್ಕಿನ ಮೇಲೆ ಹಾಕುವಂತಿರಲಿಲ್ಲ. "ಕಾಣಲ್ಲ ಕಣೇ" ಎಂದ ಅಮ್ಮನಿದ್ದ ಕಡೆಗೆ. "ಒಂದು ವರ್ಷ ಆಯ್ತು. ಎಲ್ಲಾ ಮಂಜು."

"ಒಂದು ವರ್ಷ ಎರಡು ತಿಂಗಳು" ಎಂದಳು ಅಮ್ಮ.

"ಅಂದ್ರೆ?"

"ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಊರಿಗೆ ಕಾಣಲ್ವಾ? ಉಪ್ಪಿನ ಡಬ್ಬಕ್ಕೆ ಗೋಣಿಬಟ್ಟೆ ಟೋಪಿ ಯಾಕೆ ಹಾಕ್ದೆ ಅಂದ್ಕೊಂಡ್ರಿ? ಚೆಂದಕ್ಕಾ? ಗೋಣಿಬಟ್ಟೆ ಯಾವ ಚೆಂದ ರೀ?"

ಅಪ್ಪ ಕಲ್ಲಿಗೇ ಒರಗಿ ನಿಂತ. ಸಕ್ಕರೆಯ ಮಖಮಲ್ಲು, ಮೆಣಸಿನಪುಡಿಯ ಗುಂಡಿ ಎಲ್ಲ ಒಟ್ಟಿಗೇ ಬೆರಳ ತುದಿಗೆ ಬಂದವು. ತನ್ನ ಜಾಣತನ ಎಂದುಕೊಂಡಿದ್ದೆಲ್ಲ ಇವಳ ಹೊಲಿಗೆ.

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಾ ಅಂತ ಕಾದೆ. ನಿಮ್ಮ ಬಾಯಿಂದ ಬರೋ ಹೊತ್ತಿಗೆ ಮನೇಲಿರೋ ಬಟ್ಟಲೆಲ್ಲ ಖಾಲಿ ಆಗ್ತಿತ್ತು."

"ಹಾಗಾದ್ರೆ ಒಲೆ..."

"ಷರತ್ತೇನು? ಸುಟ್ಕೊಂಡ್ರಾ? ಇಲ್ಲ. ಕುಯ್ಕೊಂಡ್ರಾ? ಇಲ್ಲ. ಕೊಟ್ಟ ಮಾತು ಮಾತೇ, ಒಲೆ ನಿಮ್ದೇ. ಆದ್ರೆ ಕಟ್ಟೆ ಕೂತ ಮಾರನೇ ವಾರ ಕಣ್ಣಾಸ್ಪತ್ರೆ. ಅಲ್ಲಿ ಬೆಕ್ಕು ಗಿಕ್ಕು ಅನ್ನೋ ಹಾಗಿಲ್ಲ."

ಚಿನಕುರುಳಿ ಮೂಗೊರೆಸಿಕೊಂಡು ಯಜಮಾನನ ಕಡೆ ತಿರುಗಿದಳು. "ಅಣ್ಣಾ, ಹೊಳಪೇ ಇಲ್ದೆ, ಕೈಗೆ ಹೀಗೇ ತರಿತರಿಯಾಗಿ ಸಿಗೋ ಹಾಗೆ ಮುಖಾನೂ ಮಾಡಕ್ಕಾಗಲ್ವಾ?"

"ಆಗುತ್ತಲ್ಲ, ಲೆದರ್ ಫಿನಿಷ್. ಬ್ರಷ್ ಹಾಕಿ ತಿಕ್ತೀವಿ. ಚರ್ಮದ ಹಾಗಿರುತ್ತೆ, ಒರೆಸಕ್ಕೂ ಬರುತ್ತೆ. ಕೇಳೋರು ಕಮ್ಮಿ ಅಷ್ಟೇ."

ಅಮ್ಮ ಕೊರಳಿನ ಟೇಪು ತೆಗೆದು ಕಲ್ಲಿನ ಅಂಚಿಗೆ ಹಿಡಿದಳು. "ಇದು ಕಡುಬಣ್ಣ. ಮುಂದುಗಡೆ ಉದ್ದಕ್ಕೂ ಎರಡು ಬೆರಳಗಲ ಬಿಳಿ ಕಲ್ಲಿನ ಪಟ್ಟಿ ಕೂರಿಸಿ. ಕುಪ್ಪಸದ ಅಂಚಿಗೆ ಪೈಪಿಂಗ್ ಕೊಡ್ತೀವಲ್ಲ, ಹಾಗೆ. ಕಟ್ಟೆ ಎಲ್ಲಿ ಮುಗೀತು ಅಂತ ಕುರುಡಂಗೂ ಕಾಣಬೇಕು."

"ಕುರುಡ ಇಲ್ಲೇ ಇದಾನೆ" ಎಂದ ಅಪ್ಪ.

"ಅದಕ್ಕೇ ಹೇಳಿದ್ದು."

ಮೂರು ವಾರಕ್ಕೆ ಕಟ್ಟೆ ಕೂತಿತು. ಕೆಲಸದವರು ಹೋದ ಮೇಲೆ, ಮಧ್ಯಾಹ್ನದ ಬಿಸಿಲಿನಲ್ಲಿ ಅಪ್ಪ ಹೋಗಿ ನಿಂತ. ಕಣ್ಣಿಗೆ ಏನೂ ಚುಚ್ಚಲಿಲ್ಲ. ಅವನೆದುರು ದೊಡ್ಡದೊಂದು ಕತ್ತಲ ಕೆರೆ ಮಲಗಿತ್ತು, ದಡದುದ್ದಕ್ಕೂ ಹಾಲಿನ ನೊರೆಯ ಗೆರೆ. ಕೈಯಿಟ್ಟರೆ ನೀರು ಗಟ್ಟಿಯಾಗಿತ್ತು, ಅಂಗೈಯನ್ನು ಹಿಡಿದುಕೊಳ್ಳುತ್ತಿತ್ತು.

"ಅಪ್ಪಾ, ಇದರ ಬಣ್ಣ ಏನು ಗೊತ್ತಾ? ಇದು..."

"ಬಾಯ್ಮುಚ್ಚೇ! ಹೇಳಬೇಡ."

"ಯಾಕೆ?"

"ನಾನೇ ಆರಿಸಿದ್ದು ತಾನೆ? ಆಪರೇಷನ್ ಆದ್ಮೇಲೆ ನಾನೇ ನೋಡ್ತೀನಿ. ಅಲ್ಲೀವರೆಗೂ ಯಾರೂ ಹೇಳೋ ಹಾಗಿಲ್ಲ."

"ಇನ್ನೂ ಎಂಟು ದಿನ ಹೊಟ್ಟೇಲಿ ಇಟ್ಕೋಬೇಕಾ? ನಾನು ಒಡೆದೇ ಹೋಗ್ತೀನಿ!" ಎಂದು ಚಿನಕುರುಳಿ ಕೋಣೆ ತುಂಬ ಕುಣಿದಳು.

ಹೊಲಿಗೆ ಯಂತ್ರ ಓಡುತ್ತಿತ್ತು. ಅಪ್ಪ ಗೋಣಿಬಟ್ಟೆಯ ಡಬ್ಬ ದಾಟಿ ಮಖಮಲ್ಲಿನದಕ್ಕೆ ಕೈ ಹಾಕಿ, ಟೀಗೆ ಸಕ್ಕರೆ ಬೆರೆಸಿ, ಬಟ್ಟಲನ್ನು ಬಿಳಿ ಗೆರೆಯ ಆಚೆಗೆ, ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟ. ಕಿವಿಗೊಟ್ಟು ಕಾದ. ಬಟ್ಟಲು ಇದ್ದಲ್ಲೇ ಇತ್ತು.

"ಬಾರೇ, ಟೀ ಆಯ್ತು" ಎಂದು ಯಂತ್ರದ ಸದ್ದಿನ ಕಡೆಗೆ ಕೂಗಿದ.