ಬೀಗ ತೆಗೆಯದ ಗೇಟು ಮತ್ತು ಅನಘಾಳ ಪಿಟೀಲು

ನಾನು ಒಂದು ವಿಡಿಯೊ ಕ್ಯಾಮೆರಾ. ಹುಟ್ಟಿದ್ದು ಜಪಾನಿನ ಒಂದು ಕಾರ್ಖಾನೆಯಲ್ಲಿ. ಅಲ್ಲಿಯದೆಂದು ನೆನಪಿರುವುದು ನನ್ನನ್ನು ಜೋಡಿಸಿದ ಬಿಳಿ ಕೈಗವಸುಗಳು ಮಾತ್ರ. ಉಡುಪಿಯ ಅಂಗಡಿಯೊಂದರಿಂದ ನನ್ನನ್ನು ಕೊಂಡವರು ಮದುವೆಗಳ ವಿಡಿಯೊ ಮಾಡುತ್ತಿದ್ದ ವಲೇರಿಯನ್. ಅವರ ಹೆಗಲೇರಿ ಬಹಳಷ್ಟು ಮದುಮಕ್ಕಳನ್ನು ನೋಡಿದೆ. ಎಲ್ಲರೂ ನನ್ನನ್ನು ಕಂಡೊಡನೆ ನಗುತ್ತಿದ್ದರು. ಬೆನ್ನುನೋವು ಹೆಚ್ಚಾದಾಗ ವಲೇರಿಯನ್ ನನ್ನನ್ನು ತಂಗಿಯ ಮಗಳು ರೆನಿಟಾಳಿಗೆ ಕೊಟ್ಟರು.

ರೆನಿಟಾಳಿಗೆ ಸಾಕ್ಷ್ಯಚಿತ್ರ ಮಾಡುವ ಆಸೆ. ಪಡುಗುಡ್ಡೆಯ ಕಡಲತೀರದಲ್ಲಿ ಸಂಗೀತೋತ್ಸವ ಏರ್ಪಡಿಸಿದ್ದ ಸುಧೀರ ಬಲ್ಲಾಳರು ಅದನ್ನು ಚಿತ್ರೀಕರಿಸಲು ಆಕೆಯನ್ನು ಕರೆದರು.

"ಚಂದ ಮಾಡಿ ಆಯ್ತಾ? ನೋಡಿದವರಿಗೆ ಬರುವ ವರ್ಷ ಬರ್ಬೇಕು ಅನ್ನಿಸ್ಬೇಕು" ಎಂದರು.

ಉತ್ಸವದ ಸಂಜೆ ಮೊದಲು ನುಡಿಸಿದವಳು ರೆನಿಟಾಳ ಗೆಳತಿ ಅನಘಾ. ಅವಳ ಎಡಗೈ ಬೆರಳುಗಳು ಪಿಟೀಲಿನ ತಂತಿಗಳ ಮೇಲೆ ಓಡಾಡುವುದನ್ನು ನಾನು ಹತ್ತಿರದಿಂದ ಹಿಡಿದೆ. ಅಷ್ಟರಲ್ಲಿ ಮೈದಾನ ತುಂಬಿತ್ತು. ಹೊರಗೆ ಇನ್ನೂ ಜನ ನೂಕುತ್ತಿದ್ದರು. ಬಲ್ಲಾಳರು ಗೇಟಿಗೆ ಬೀಗ ಹಾಕಿಸಿದರು. ಸುತ್ತಲೂ ತಗಡಿನ ಬೇಲಿ.

ಕಡಲ ಗಾಳಿ ಜೋರಾಗಿ ಬೀಸಿ ದೀಪದ ಕಂಬವೊಂದು ವಾಲಿತು. ಜನ ಹೆದರಿ ಗೇಟಿನತ್ತ ಓಡಿದರು. ರೆನಿಟಾ ನನ್ನನ್ನು ಮರಳಿನ ಮೇಲೆ ಬಿಟ್ಟು ಬೇಲಿಯತ್ತ ಧಾವಿಸಿದಳು. ಚಿತ್ರೀಕರಣ ನಿಲ್ಲಿಸಲು ಮರೆತಿದ್ದಳು. ಮಗ್ಗುಲಾಗಿ ಬಿದ್ದ ನನಗೆ ಕಂಡದ್ದು ಬರೀ ಕಾಲುಗಳು. ಮಾತುಗಳು ಮಾತ್ರ ಸ್ಪಷ್ಟವಾಗಿ ಕೇಳಿದವು.

"ಗೇಟ್ ತೆಗೀರಿ ಮಾರಾಯ್ರೆ, ಉಸಿರು ಕಟ್ತಾ ಉಂಟು!"

"ತೆಗೀಬೇಡಿ! ಹೊರಗಿನವ್ರು ಒಳಗೆ ನುಗ್ತಾರೆ!" ಇದು ಬಲ್ಲಾಳರ ದನಿ.

ರೆನಿಟಾ, ಅನಘಾ ಮತ್ತು ಕೆಲವರು ಸೇರಿ ತಗಡನ್ನು ಕಿತ್ತರು. ಜನ ಹೊರಬಿದ್ದರು. ಯಾರೂ ಸಾಯಲಿಲ್ಲ. ಹಲವರ ಕೈಕಾಲು ಮುರಿದವು. ತಗಡಿನ ಅಂಚು ಅನಘಾಳ ಎಡಗೈಯ ನರಗಳನ್ನು ಕತ್ತರಿಸಿತ್ತು; ಆಗ ಅವಳು ಕಿರುಚಿದ್ದೂ ನನ್ನೊಳಗೆ ದಾಖಲಾಗಿತ್ತು.

ಕೆಲವು ದಿನಗಳ ಬಳಿಕ ಬಲ್ಲಾಳರು ರೆನಿಟಾಳ ಮನೆಗೆ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ.

"ನಾನು ಬೇಕಂತ ಮಾಡಿದ್ದಲ್ಲಮ್ಮ. ಹೆದರಿ ಹೇಳಿದ್ದು. ಗೇಟ್ ತೆಗೀಬೇಡಿ ಅಂದದ್ದು ನಿಮ್ಮ ಕ್ಯಾಮೆರಾದಲ್ಲಿ ಉಂಟಂತೆ, ಅದನ್ನೊಂದು ಅಳಿಸಿಬಿಡಿ" ಎಂದರು.

ಅವರು ಹೋದ ಮೇಲೆ ರೆನಿಟಾ ನನ್ನನ್ನು ಎತ್ತಿಕೊಂಡು ಅನಘಾಳ ಬಳಿ ಹೋಗಿ ಎಲ್ಲವನ್ನೂ ತೋರಿಸಿದಳು.

"ನೀನು ಬೇಡ ಅಂದ್ರೆ ನಾನು ಈ ಚಿತ್ರ ಮಾಡುದಿಲ್ಲ."

ಅನಘಾ ಅದನ್ನು ಇನ್ನೊಮ್ಮೆ ಹಾಕಿಸಿ ನೋಡಿದಳು. "ನಾನು ಕಿರುಚಿದ್ದು ತೆಗೆದುಬಿಡು. ಅವ್ರ ಮಾತು ಇರಲಿ. ನಾನು ನುಡಿಸಿದ್ದು ಮಾತ್ರ ಪೂರ್ತಿ ಇರ್ಬೇಕು, ಎಲ್ಲಿಯೂ ಕತ್ತರಿಸ್ಬಾರ್ದು."

ಹಾಗೆಯೇ ಆಯಿತು. ಚಿತ್ರವನ್ನು ಊರಿನ ಸಭಾಭವನದಲ್ಲಿ ತೋರಿಸಿದಾಗ ಬಲ್ಲಾಳರೂ ಬಂದಿದ್ದರು. ಮುಗಿದ ಮೇಲೆ ಎದ್ದು ನಿಂತು, "ಆ ಮಾತು ನಂದೇ" ಎಂದಷ್ಟೇ ಹೇಳಿ ಕುಳಿತರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಬೈಯಲೂ ಇಲ್ಲ.

ಒಳಗೆ ಸೇರಿದ ಮರಳಿನಿಂದ ನನ್ನ ಮಸೂರ ತಿರುಗದಾಯಿತು. ಈಗ ರೆನಿಟಾಳ ಕೋಣೆಯ ಕಪಾಟಿನ ಮೇಲಿದ್ದೇನೆ. ಆಕೆ ಹೊಸ ಕ್ಯಾಮೆರಾ ಕೊಂಡಿದ್ದಾಳೆ, ನನಗೆ ಬೇಸರವಿಲ್ಲ.

ಅನಘಾ ಆಗಾಗ ಬರುತ್ತಾಳೆ. ಪಿಟೀಲಿನ ತಂತಿಗಳನ್ನು ತಿರುವುಮುರುವು ಕಟ್ಟಿಸಿಕೊಂಡಿದ್ದಾಳೆ. ಕಮಾನನ್ನಷ್ಟೇ ಹಿಡಿಯಬಲ್ಲ ಎಡಗೈಯಲ್ಲಿ ಕಮಾನು, ತಂತಿಗಳ ಮೇಲೆ ಬಲಗೈ ಬೆರಳುಗಳು. ಸ್ವರ ಕರಕರ ಎನ್ನುತ್ತದೆ, ಜಾರುತ್ತದೆ.

ಮೊನ್ನೆ ರೆನಿಟಾ ಹೊಸ ಕ್ಯಾಮೆರಾ ಎತ್ತಿಕೊಂಡಳು.

"ಈಗ ಬೇಡ ಮಾರಾಯ್ತಿ, ಬರೀ ಕೇಳು" ಎಂದಳು ಅನಘಾ.

ರೆನಿಟಾ ಅದನ್ನು ತಂದು ನನ್ನ ಪಕ್ಕದಲ್ಲಿಟ್ಟಳು. ನಾವಿಬ್ಬರೂ ಕೇಳುತ್ತ ಕುಳಿತೆವು.