ಆರನೆಯ ಪರದೆಯ ಬನ್ನಿ

೧೯೮೮ರ ಅಕ್ಟೋಬರ್ ೨೧. ಬಾಗಲಕೋಟೆಯ ನೇಕಾರರ ಸಂಘದ ಕಂಪ್ಯೂಟರಿನಿಂದ ೧,೨೧೪ ಸದಸ್ಯರ ಹೆಸರುಗಳು ಒಮ್ಮೆಲೇ ಅಳಿಸಿಹೋದವು. ಅಳಿಸುವ ಆಜ್ಞೆ ಗುಮಾಸ್ತೆ ನಜಮಾಳ ಹೆಸರಿನಲ್ಲಿ, ಅವಳು ಕೂಡುವ ಆರನೆಯ ಪರದೆಯಿಂದ ಹೋಗಿತ್ತು. ಯಂತ್ರವೇ ಹಾಗೆಂದು ದಾಖಲಿಸಿತ್ತು.

ಮರುದಿನ ಹಳೆಯ ಟೇಪಿನಿಂದ ಹೆಸರುಗಳನ್ನು ಮರಳಿ ತುಂಬಿಸಿದ ಮೇಲೆ ಮ್ಯಾನೇಜರ್ ಅಮಸಿದ್ದಪ್ಪ ಅವಳನ್ನು ಕರೆದರು. ತಪ್ಪೊಪ್ಪಿಗೆ ಬರೆದರೆ ಅಮಾನತು, ಬರೆಯದಿದ್ದರೆ ವಜಾ. ಮೂರನೆಯ ದಾರಿಯಿರಲಿಲ್ಲ.

“ನಾ ಏನೂ ಒತ್ತಿಲ್ರಿ ಸರ್. ಕಾಶಪ್ಪ ಎಲ್ಲಾರಿಗೂ ಬನ್ನಿ ಕಳಿಸಿದ್ನಲ್ರಿ, ಅದನ್ನ ತೆಗೆದು ಓದೀನಿ, ಅಷ್ಟ.”

ದಸರೆಗೆ ಬನ್ನಿ ಗಿಡದ ಎಲೆ ಹಂಚುವ ಬದಲು ಸಹೋದ್ಯೋಗಿ ಕಾಶಪ್ಪ ಈ ಸಲ ಕಂಪ್ಯೂಟರಿನಲ್ಲೇ ಬನ್ನಿಯ ಶುಭಾಶಯ ಕಳಿಸಿದ್ದ. ಬನ್ನಿ ಕೊಟ್ಟವರಿಗೆ ಬೇಡವೆನ್ನುವ ಪದ್ಧತಿ ಆ ಊರಿನಲ್ಲಿಲ್ಲ.

“ಅದ ಬನ್ನಿ ನನಗೂ ಬಂದಿತ್ತು. ನಾ ಓದಿದಾಗ ಏನೂ ಅಳಿಸ್ಲಿಲ್ಲ. ಬನ್ನಿ ಗಿಡಕ್ಕ ನಿನ್ನ ಮ್ಯಾಲಷ್ಟ ಸಿಟ್ಟೇನವಾ?”

“ಹಂಗಾರ ನನ್ನ ಜಾಗಾದಾಗ ಕುಂತು ಓದ್ರಿ. ನಾ ಮುಟ್ಟಂಗಿಲ್ಲ.”

ಅಮಸಿದ್ದಪ್ಪ ತಮ್ಮ ಹೆಸರಿನಲ್ಲಿ ಆರನೆಯ ಪರದೆ ತೆರೆದು, ಅದೇ ಬನ್ನಿಯ ಸಂದೇಶ ತೆಗೆದರು. ಅಷ್ಟರಲ್ಲಿ ಚಹಾ ಬಂತು. ಎರಡೂ ಕೈಯಲ್ಲಿ ಕಪ್ಪು-ಬಸಿ ಹಿಡಿದರು. ಶುಭಾಶಯದ ಕೆಳಗೆ, ಯಾರೋ ಒತ್ತಿದಂತೆ, ಅಕ್ಷರಗಳು ತಾವಾಗಿ ಸಾಲುಗಟ್ಟಿದವು. ಪಟ್ಟಿ ಮತ್ತೆ ಅಳಿಸಿಹೋಯಿತು.

“ಏನ್ ಒತ್ತಿದ್ರಿ ಸರ್?”

“ಏನ್ ಒತ್ತಲಿ! ಕೈಯಾಗ ಕಪ್ಪ ಐತಲ್ಲ!”

ಮೊದಲ ಐದು ಪರದೆಗಳು ನಿಜವಾದ ಟರ್ಮಿನಲ್‌ಗಳು. ಆರನೆಯದು ಟರ್ಮಿನಲ್ಲಿನಂತೆ ವರ್ತಿಸುವ ಪ್ರೋಗ್ರಾಮು ಹಾಕಿದ ಪಿ.ಸಿ. ಸಂದೇಶದಲ್ಲಿ ಕೆಲವು ಗುಪ್ತ ಚಿಹ್ನೆಗಳು ಬಂದರೆ ಆ ಪ್ರೋಗ್ರಾಮು, ಅವುಗಳೊಳಗಿನ ಮಾತನ್ನು ಕೂತವರೇ ಒತ್ತಿದ್ದೆಂಬಂತೆ ಕಂಪ್ಯೂಟರಿಗೆ ಹಿಂದಿರುಗಿಸುತ್ತಿತ್ತು. ಸದಸ್ಯರ ಪಟ್ಟಿ ಕೆಡಿಸಿ ಸಂಘದ ಚುನಾವಣೆ ಮುಂದೂಡಿಸಬೇಕಾಗಿದ್ದ ಕಾಶಪ್ಪನಿಗೆ ಅದು ಗೊತ್ತಿತ್ತು; ಅಳಿಸುವ ಆಜ್ಞೆಯನ್ನು ಅವನು ಬನ್ನಿಯೊಳಗೇ ಅಡಗಿಸಿದ್ದ.

ಪ್ರಿಂಟರ್ ದಾಖಲೆಯನ್ನು ಹೊರಹಾಕಿತು: ಆರನೆಯ ಪರದೆ, ಅಳಿಸಿದವರು ಅಮಸಿದ್ದಪ್ಪ. ಅವಳನ್ನು ಕಟ್ಟಿಹಾಕಿದ್ದು ಇಂಥದೇ ಒಂದು ಸಾಲು.

“ಈಗ ತಪ್ಪೊಪ್ಪಿಗಿ ಯಾರು ಬರೀಬೇಕ್ರಿ ಸರ್?”

ಅವರು ಹಾಳೆಯನ್ನು ಹರಿದು, ಮಡಚಿ, ಕಿಸೆಗೆ ಹಾಕಿಕೊಂಡರು. “ಹೋಗು, ಕೆಲಸಾ ನೋಡು. ಇದು ಹೊರಗ ಹೋಗಬಾರದು.”

ಸೋಮವಾರ ಆದೇಶ ಬಂತು: ನಜಮಾಳ ಮೇಲಿನ ಕ್ರಮವನ್ನು ಸಾಕ್ಷ್ಯದ ಕೊರತೆಯಿಂದ ಕೈಬಿಡಲಾಗಿದೆ. ತಪ್ಪಿಲ್ಲವೆಂದು ಬರೆದಿದ್ದರೆ ಅಮಸಿದ್ದಪ್ಪ ಕಾರಣವನ್ನೂ, ಅದರೊಡನೆ ತಮ್ಮ ಹೆಸರನ್ನೂ ಬರೆಯಬೇಕಾಗುತ್ತಿತ್ತು. ಕಾಶಪ್ಪನನ್ನು ಸದ್ದಿಲ್ಲದೆ ಹುನಗುಂದ ಶಾಖೆಗೆ ಕಳಿಸಿದರು. ನಜಮಾ ಅದೇ ಪರದೆಯ ಮುಂದೆ ಕೂಡುತ್ತ ಹೋದಳು. ಅವಳು ಕೈ ತೊಳೆಯಲು ಎದ್ದರೂ ಮತ್ತೇನು ಅಳಿಸಿದಳೋ ಎಂದು ಉಳಿದವರ ಕಣ್ಣು ಆ ಪರದೆಯ ಕಡೆ ಹೋಗುತ್ತಿತ್ತು. “ನಿನ್ನ ತಪ್ಪಿಲ್ಲ” ಎಂಬ ಮಾತು, ಅಮಸಿದ್ದಪ್ಪ ನಿವೃತ್ತರಾದ ದಿನವೂ, ಅವಳಿಗೆ ಸಲ್ಲದೆ ಬಾಕಿ ಉಳಿಯಿತು.